ಇದ್ದಿಲ ಮೇಲಿನ ಅಪವಾದ

ಹಳೇದೊಡ್ಡಿ, ಮಕ್ತಲ್ ಮಂಡಲ
3 ಮಾರ್ಚ್ 2023

ಅಣ್ಣನಿಗೆ,

ನಿನ್ನ ಫೋನನ್ನು ನಾಲ್ಕು ಸಲ ಕಟ್ ಮಾಡಿದವಳು ನಾನೇ. ನೆಟ್‌ವರ್ಕ್ ಇರಲಿಲ್ಲವೆಂದು ಅವ್ವ ನಿನಗೆ ಹೇಳಿದ್ದು ಸುಳ್ಳು. ಫೋನಿನಲ್ಲಿ ನೀನು ಮಾತನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತೀಯ, ಕೊನೆಗೆ ಊಟ ಆಯ್ತಾ ಎನ್ನುತ್ತೀಯ, ನಾನೂ ಆಯ್ತು ಎಂದು ಇಟ್ಟುಬಿಡುತ್ತೇನೆ. ಕಾಗದದ ಮೇಲೆ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ನೀನೂ ಬರೆದೇ ಉತ್ತರ ಕೊಡು.

ಮೊನ್ನೆ ಮಂಗಳವಾರ ನಿಮ್ಮ ಸಂಸ್ಥೆಯ ಆಂಜನೇಯುಲು ಸರ್ ಶಾಲೆಯ ಹಿಂದಿನ ಸಗಣಿ ಗ್ಯಾಸಿನ ಗುಂಡಿಯ ಮುಂದೆ ನಿಂತು, ಮೂಗಿಗೆ ಕರ್ಚೀಫು ಹಿಡಿದು, ಅಷ್ಟೂ ಮಕ್ಕಳ ಎದುರು "ಬೊಗ್ಗು ಪೊಡಿ ವೇಸಿ ಚಂಪೇಸಿನಾವು" ಎಂದರು. ಇದ್ದಿಲ ಪುಡಿ ಹಾಕಿ ಸಾಯಿಸಿಬಿಟ್ಟೆ, ಎಂದು. ಓದದ ಹುಡುಗಿಯ ಕೈಗೆ ಕೊಟ್ಟರೆ ಆಗುವುದು ಇಷ್ಟೇ ಎಂದೂ ಸೇರಿಸಿದರು. ನೀನು ಅವರ ಪಕ್ಕದಲ್ಲಿ ನಿಂತು ಬರೆದುಕೊಂಡೆ. ತಲೆ ಎತ್ತಲಿಲ್ಲ.

ಓದದ ಹುಡುಗಿ ಎಂದದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ನಿಜ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರಗಳನ್ನು ಹಲಗೆಯ ಮೇಲೆ ಬರೆದುಕೊಟ್ಟರು, ನಕಲು ಮಾಡಲಾರದೆ ನಾನು ಖಾಲಿ ಹಾಳೆ ಕೊಟ್ಟು ಎದ್ದು ಬಂದೆ. ಆಮೇಲೆ ಎಲ್ಲೂ ಕೂರಲು ಆಗಲಿಲ್ಲ. ನಾರಾಯಣಪೇಟೆಯಲ್ಲಿ ಮಗ್ಗದ ಕೆಲಸ ಮೂರು ತಿಂಗಳು, ಕೆ.ಟಿ. ದೊಡ್ಡಿಯಲ್ಲಿ ಹತ್ತಿ ಬಿಡಿಸುವುದು ಒಂದು ಸುಗ್ಗಿ, ಎಲ್ಲದರಿಂದಲೂ ಓಡಿ ಬಂದೆ. ನಾನು ಓಡದೆ ನಿಂತ ಕೆಲಸ ಈ ಗುಂಡಿಯದೊಂದೇ. ಅದನ್ನು ಕೈಗೆ ಕೊಟ್ಟವನು ನೀನು. ಇದ್ದಿಲು ಹಾಕಿದರೆ ಗ್ಯಾಸು ಹೆಚ್ಚುತ್ತದೆ ಎಂದು ತರಬೇತಿಯಿಂದ ಕೇಳಿಕೊಂಡು ಬಂದವನೂ ನೀನೇ. ಬಯೋಚಾರ್ ಎಂಬ ಹೆಸರನ್ನು ನಾನು ಕೇಳಿದ್ದೇ ನಿನ್ನ ಬಾಯಿಂದ.

ಮೊದಲು ಗುಂಡಿ ಹೇಗಿತ್ತು ಎಂಬುದನ್ನು ಮರೆತೆಯಾ? ಮಕ್ಕಳು ಬಿಟ್ಟ ಅನ್ನ, ಸಾರು ಹೆಚ್ಚು ಬಿದ್ದ ವಾರವೆಲ್ಲ ಒಳಗೆ ಹುಳಿಯೇರಿ, ಒಲೆ ಹತ್ತಿದ ಹಾಗೆ ಮಾಡಿ ಆರಿಬಿಡುತ್ತಿತ್ತು. ನಾನು ಹತ್ತಿ ಕಟ್ಟಿಗೆಯನ್ನು ತಗ್ಗಿನಲ್ಲಿ ಮೇಲಿನಿಂದ ಹೊತ್ತಿಸಿ, ಬಿಳಿ ಬೂದಿ ಕಾಣುವ ಮೊದಲೇ ನೀರು ಹೊಯ್ದು ಇದ್ದಿಲು ಮಾಡಿದೆ. ಒನಕೆಯಲ್ಲಿ ಕುಟ್ಟಿದೆ. ಗುಂಡಿಯಿಂದ ಹೊರಬಂದ ಹಳೆಯ ರಾಡಿಯಲ್ಲಿ ಎಂಟು ದಿನ ನೆನೆಸಿ, ಅದರ ಸಣ್ಣ ತೂತುಗಳಲ್ಲಿ ಗ್ಯಾಸು ಹುಟ್ಟಿಸುವ, ಕಣ್ಣಿಗೆ ಕಾಣದ ಹುಳ ಮನೆ ಮಾಡಲಿ ಎಂದು ಕಾದು, ದಿನಕ್ಕೊಂದು ಡಬ್ಬಿಯಂತೆ ಹಾಕಿದೆ. ಒಂದೂವರೆ ಗಂಟೆ ಉರಿಯುತ್ತಿದ್ದ ಒಲೆ ಎರಡೂಕಾಲು ಗಂಟೆ ಉರಿಯಿತು. ನೀವು ಬ್ಯಾನರಿನಲ್ಲಿ ಎರಡು ಪಟ್ಟು ಎಂದು ಹಾಕಿಸಿದಿರಿ. ಅಲ್ಲ, ಮುಕ್ಕಾಲು ಗಂಟೆ ಅಷ್ಟೇ ಎಂದು ನಾನು ಅವತ್ತೇ ಹೇಳಿದ್ದೆ. ಹೊಗಳುವಾಗ ಸುಳ್ಳು ಹೇಳಿದವರಿಗೆ ಬೈಯುವಾಗ ಏನು ಕಷ್ಟ.

ಐದು ತಿಂಗಳು ಚೆನ್ನಾಗಿ ನಡೆದದ್ದು ಫೆಬ್ರವರಿ ಹದಿನಾಲ್ಕಕ್ಕೆ ನಿಂತುಹೋಯಿತು. ಅವತ್ತಿಗೂ ಅದರ ಹಿಂದಿನ ದಿನಕ್ಕೂ ನನ್ನ ಕೈಯಿಂದ ಏನೂ ವ್ಯತ್ಯಾಸ ಆಗಿಲ್ಲ. ಅವ್ವ ಮತ್ತೆ ಕಟ್ಟಿಗೆ ಒಲೆಯ ಮುಂದೆ ಕೂತು ನೂರಾ ಹತ್ತು ಮಕ್ಕಳಿಗೆ ಅನ್ನ ಮಾಡುತ್ತಿದ್ದಾಳೆ. "ನಿನ್ನ ಇದ್ಲಿ ಬಣ್ಣ ನನ್ನ ಮಾರಿಗೆ ಬಂತು ನೋಡವ್ವಾ" ಎಂದು ನಗುತ್ತಾಳೆ, ನಕ್ಕರೆ ಕೆಮ್ಮು ಬರುತ್ತದೆ. ಅಪ್ಪನಂತೂ, ದೇವರಂಥ ಗುಂಡಿಯನ್ನು ಮಸಿ ತುಂಬಿ ಕೆಡಿಸಿದೆ ಎಂದು ದಿನವೂ ಬೈಯುತ್ತಾನೆ.

ನಾನು ಯಾವ ದಿನ ಏನು ತಪ್ಪು ಮಾಡಿದೆ, ಬರೆದು ಹೇಳು. ತಪ್ಪಾಗಿದ್ದರೆ ಒಪ್ಪಿಕೊಳ್ಳುತ್ತೇನೆ.

ಮೈಲಮ್ಮ

*

ಗದ್ವಾಲ್
11 ಮಾರ್ಚ್ 2023

ಮೈಲಮ್ಮನಿಗೆ,

ನಿನ್ನ ಕಾಗದ ಆಫೀಸಿಗೇ ಬಂತು. ಇನ್ನು ಮೇಲೆ ರೂಮಿನ ವಿಳಾಸಕ್ಕೆ ಹಾಕು.

ನೀನು ತಪ್ಪು ಮಾಡಿದೆ ಎಂದು ನಾನು ಎಲ್ಲಿಯೂ ಬರೆದಿಲ್ಲ. ಇದ್ದಿಲು ನಮ್ಮ ಕಡೆಯ ಗುಂಡಿಗಳಿಗೆ ಹೊಂದಲಿಲ್ಲ ಎಂದಷ್ಟೇ ಬರೆದಿದ್ದೇನೆ. ಹೊಸ ವಸ್ತು. ಹೊಸದು ಸೋಲುವುದು ದೊಡ್ಡ ವಿಷಯವಲ್ಲ, ಅದರಿಂದ ಯಾರಿಗೂ ನೋವಿಲ್ಲ. ಮೇ ಹತ್ತಕ್ಕೆ ವರದಿ ಹೈದರಾಬಾದಿಗೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಗುಂಡಿ ಮುಚ್ಚಿಸಿ, ಶಾಲೆಗೆ ಸಿಲಿಂಡರ್ ಕೊಡಿಸುವ ಮಾತು ನಡೆದಿದೆ. ನಮ್ಮ ಸಂಸ್ಥೆ ಗುಂಡಿ ಕಟ್ಟಿಸಿದ ಉಳಿದ ಹನ್ನೊಂದು ಊರುಗಳಲ್ಲೂ ಇದ್ದಿಲು ಹಾಕುವುದು ನಿಲ್ಲುತ್ತದೆ. ಅವ್ವನಿಗೆ ಹೊಗೆ ತಪ್ಪಿದರೆ ಆಯಿತಲ್ಲ.

ಕೆಲವು ವಿಷಯ ಕಾಗದದ ಮೇಲೆ ಬರಬಾರದು. ಗುಂಡಿಯನ್ನು ಕೆದಕಲು ಹೋಗಬೇಡ. ಅಪ್ಪನ ಹತ್ತಿರ ಈ ಮಾತು ತೆಗೆಯಲೂ ಬೇಡ.

ನಿನ್ನ ಅಣ್ಣ,
ಭೀಮಶಂಕರ್

*

ಹಳೇದೊಡ್ಡಿ
17 ಮಾರ್ಚ್ 2023

ಅಣ್ಣನಿಗೆ,

ಕೆದಕಬೇಡ ಎಂದೆ, ಕೆದಕಿದೆ. ಉದ್ದನೆಯ ಬಿದಿರಿಗೆ ಡಬ್ಬಿ ಕಟ್ಟಿ, ರಾಡಿ ಹೊರಬರುವ ಬಾಯಿಯಿಂದ ತಳಕ್ಕೆ ಇಳಿಸಿ ಎತ್ತಿದೆ. ಮೇಲಿನದು ಎಂದಿನ ಕಪ್ಪು. ತಳದ್ದು ಹಳದಿ. ಮದುವೆ ಮನೆಯ ಅರಿಶಿನದ ನೀರಿನ ಹಾಗೆ ಹಳದಿ. ಜೊತೆಗೆ ಚೀಲ ಹೊಲಿದ ದಾರದ ತುಂಡೊಂದು ಬಂತು.

ಗುಡಿಯ ಕಟ್ಟೆಯ ಮೇಲೆ ಎಲ್ಲಪ್ಪ ಕಾಕಾ ಕಂಬಳಿ ನೂಲು ಸುತ್ತುತ್ತ ಕೂತಿದ್ದ. ನೇರವಾಗಿ ಕೇಳಿದೆ.

"ಕಾಕಾ, ಗುಂಡ್ಯಾಗ ಯಾರರ ಏನರ ಹಾಕ್ಯಾರೇನು?"

"ಹಾಕೋದೇನೈತಿ ಬೇ. ದೇವರಿಗೆ ಒಪ್ಪಿಸೀವಿ."

"ಏನು ಒಪ್ಪಿಸೀರಿ?"

"ಭಂಡಾರ. ಮೂರು ಚೀಲ. ಬಾವಿ ಮ್ಯಾಲ ಕಲ್ಲು ಎಳದಾರ, ಮತ್ತೆಲ್ಲಿ ಹಾಕಬೇಕು? ನಿನ್ನ ತಲಿ ಮ್ಯಾಲ ಹಾಕಬೇಕಿತ್ತೇನು?"

ನೀನು ಗದ್ವಾಲಿಗೆ ಹೋಗಿ ಮರೆತಿದ್ದರೆ ನೆನಪಿಸುತ್ತೇನೆ. ಭಾರತ ಹುಣ್ಣಿಮೆಗೆ ಮೈಲಾರ ದೇವರಿಗೆ ಎರಚಿದ ಅರಿಶಿನ ಪುಡಿ ಗುಡಿಯ ಅಂಗಳದಲ್ಲಿ ಅಂಗೈ ದಪ್ಪ ಬಿದ್ದಿರುತ್ತದೆ. ಅದನ್ನು ಯಾರೂ ತುಳಿಯಬಾರದು. ಗುಡಿಸಿ ಚೀಲಕ್ಕೆ ತುಂಬಿ, ಪೂಜಾರಿಯಾದ ಅಪ್ಪ ಬರಿಗಾಲಲ್ಲಿ ಹೊತ್ತು, ಹಳೇ ಬಾವಿಗೆ ಬಿಡುತ್ತಿದ್ದ. ಈಗ ಮನೆಮನೆಗೆ ನಲ್ಲಿ ಬಂದು, ಬಾವಿ ಪಾಳು ಬಿದ್ದು, ಮಕ್ಕಳು ಬೀಳಬಾರದೆಂದು ಅದರ ಬಾಯಿಗೆ ಚಪ್ಪಡಿ ಎಳೆದಿದ್ದಾರೆ. ಹಿರಿಯರೆಲ್ಲ ಕೂತು ಬೇರೆ ಜಾಗ ಹುಡುಕಿದ್ದಾರೆ.

"ಸಗಣಿ ಶುದ್ಧ. ಅಲ್ಲಿ ಯಾರ ಕಾಲೂ ಬೀಳಂಗಿಲ್ಲ. ಅದರಾಗ ಬೆಂಕಿ ಹುಟ್ಟತೈತಿ, ಮಕ್ಕಳ ಅನ್ನ ಬೇಯ್ತೈತಿ. ಅದಕ್ಕಿಂತ ಚಲೋ ಜಾಗ ಈ ಊರಾಗ ಎಲ್ಲೈತಿ ತೋರಸು," ಎಂದ ಕಾಕಾ.

 ಅವರು ಯೋಚಿಸಿದ್ದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಆದರೆ ಆಮೇಲೆ ಅವನು ಹೇಳಿದ ಮಾತಿಗೆ ನನ್ನ ಕಿವಿ ಕಾದುಹೋಯಿತು.

"ನಿಮ್ಮಪ್ಪ ಮೂರೂ ಚೀಲ ತಾನ ಹೊತ್ತು ತಂದ. ನಿಮ್ಮಣ್ಣ ಶಾಣ್ಯಾ. ತಾನ ಮುಚ್ಚಳ ತೆಗದು, ನೀರು ಹುಯ್ದು, ಕೋಲಿಲೆ ಒಳಗ ನೂಕಿದ. ನೀ ಆವತ್ತು ಮಕ್ತಲ್ ಸಂತಿಗೆ ಹೋಗಿದ್ದಿ."

ಮುಚ್ಚಳ ತೆಗೆದವನು ನೀನು. ನಾನು ಸಂತೆಗೆ ಹೋದದ್ದು ಫೆಬ್ರವರಿ ಹದಿಮೂರಕ್ಕೆ. ಮರುದಿನ ಒಲೆ ಸತ್ತಿತು. ಎರಡು ವಾರ ಬಿಟ್ಟು ಅದೇ ಗುಂಡಿಯ ಮುಂದೆ ನಿಂತು, ಇದ್ದಿಲಿನಿಂದ ಸತ್ತಿತು ಎಂದು ಬರೆದುಕೊಂಡೆ. 

ಗಾಯಕ್ಕೆ ಅವ್ವ ಅರಿಶಿನ ಯಾಕೆ ಹಚ್ಚುತ್ತಾಳೆ? ಹುಳ ಬೀಳಬಾರದೆಂದು. ಗುಂಡಿಯೊಳಗೆ ನಮಗೆ ಬೇಕಾಗಿರುವುದೇ ಹುಳ. ಅದು ಗೊತ್ತಾಗಲು ಡಿಗ್ರಿ ಬೇಕಾಗಿಲ್ಲ, ಆದರೆ ನಿನಗೆ ಡಿಗ್ರಿಯೂ ಇದೆ.

ಮೈಲಮ್ಮ

*

ಗದ್ವಾಲ್
25 ಮಾರ್ಚ್ 2023

ಮೈಲಮ್ಮನಿಗೆ,

ಯುಗಾದಿಗೆ ಮನೆಗೆ ಬಂದಾಗ ಹೇಳಲು ಆಗಲಿಲ್ಲ, ಬರೆದೇ ಹೇಳುತ್ತೇನೆ. ಹೌದು, ನಾನೇ ತೆಗೆದೆ. ಅಪ್ಪ ತಲೆಯ ಮೇಲೆ ಚೀಲ ಹೊತ್ತು ಎದುರಿಗೆ ನಿಂತಿದ್ದ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟು ದೊಡ್ಡ ಗುಂಡಿಗೆ ಮೂರು ಚೀಲ ಏನು ಮಹಾ ಎಂದುಕೊಂಡೆ.

ಈಗ ನಿಜ ಬರೆದರೆ ಏನಾಗುತ್ತದೆ ಯೋಚಿಸು. ಆಂಜನೇಯುಲು ಸರ್ ಅದಕ್ಕೆ ಮೂಢನಂಬಿಕೆ ಎಂದು ಹೆಸರು ಇಡುತ್ತಾರೆ. ಅವರಿಗೆ ಆ ಪದ ಬಹಳ ಇಷ್ಟ. ಹೈದರಾಬಾದಿನವರು ಅದನ್ನು ಫೋಟೋ ಸಮೇತ ಹಾಕುತ್ತಾರೆ. ನಲವತ್ತು ವರ್ಷ ಬೀರಪ್ಪ ಮೈಲಾರರ ಪೂಜೆ ಮಾಡಿದವನನ್ನು, ಶಾಲೆಯ ಗ್ಯಾಸಿಗೆ ಅರಿಶಿನ ಸುರಿದ ಮುದುಕ ಎಂದು ತೋರಿಸಿ ಜನ ನಗುತ್ತಾರೆ. ನನ್ನ ಕೆಲಸ ಹೋಗುವುದು ಇರಲಿ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ ಎಂದರೆ ನೀನು ನಂಬುವುದಿಲ್ಲ.

ಇದ್ದಿಲಿಗೆ ಅಪ್ಪ ಇಲ್ಲ, ಅವ್ವ ಇಲ್ಲ. ಅದರ ಮರ್ಯಾದೆ ಹೋದರೆ ಯಾರೂ ಅಳುವುದಿಲ್ಲ. ಮೇಲಾಗಿ ಭಂಡಾರದಿಂದಲೇ ಆಯಿತು ಎನ್ನಲು ನಿನ್ನ ಹತ್ತಿರ ಏನು ಪುರಾವೆ ಇದೆ?

ಭೀಮಶಂಕರ್

*

ಹಳೇದೊಡ್ಡಿ
2 ಏಪ್ರಿಲ್ 2023

ಅಣ್ಣನಿಗೆ,

ಇದ್ದಿಲಿಗೆ ನಾನಿದ್ದೇನೆ.

ಪುರಾವೆ ಕೇಳಿದ್ದಕ್ಕೆ ಮಾತ್ರ ನಿನ್ನ ಮೇಲೆ ಸಿಟ್ಟಿಲ್ಲ. ಅದು ಸರಿಯಾದ ಪ್ರಶ್ನೆ. ಹಳದಿ ಕಂಡ ಮಾತ್ರಕ್ಕೆ ಹಳದಿಯೇ ಕೊಂದಿತು ಎನ್ನಲು ಬರುವುದಿಲ್ಲ. ನಾನೂ ಸಿಟ್ಟಿನಲ್ಲಿ ಅಷ್ಟು ಯೋಚಿಸಿರಲಿಲ್ಲ.

ಆದ್ದರಿಂದ ಮೂರು ನೀರಿನ ಕ್ಯಾನು ತಂದೆ. ಸೈಕಲ್ ಅಂಗಡಿಯಿಂದ ಮೂರು ಹಳೇ ಟ್ಯೂಬು. ಮೂರಕ್ಕೂ ಒಂದೇ ಸಗಣಿ, ಒಂದೇ ಅನ್ನ, ಪಕ್ಕದೂರಿನ ಗುಂಡಿಯಿಂದ ತಂದ ಒಂದೇ ಜೀವಂತ ರಾಡಿ. ಮೊದಲನೆಯದಕ್ಕೆ ಬೇರೇನೂ ಇಲ್ಲ. ಎರಡನೆಯದಕ್ಕೆ ಇದ್ದಿಲು. ಮೂರನೆಯದಕ್ಕೆ ಇದ್ದಿಲೂ ಭಂಡಾರವೂ, ಗುಂಡಿಗೆ ಬಿದ್ದ ಪಾಲಿಗೆ ಸರಿಯಾಗಿ ಅಳೆದು. ಕ್ಯಾನಿನ ಬಾಯಿಗೆ ನಳಿಕೆ, ನಳಿಕೆಯ ತುದಿಗೆ ಟ್ಯೂಬು. ಗ್ಯಾಸು ಹುಟ್ಟಿದರೆ ಟ್ಯೂಬು ಉಬ್ಬಬೇಕು. ಇದ್ದಿಲು ಕೊಲ್ಲುವುದಾದರೆ ಎರಡನೆಯದೂ ಸಾಯಬೇಕು.

ಮಾರ್ಚ್ 28ಕ್ಕೆ ಶುರು ಮಾಡಿದೆ. ಕ್ಯಾನುಗಳು ಕುರಿದೊಡ್ಡಿಯ ಗೋಡೆಯ ಬಿಸಿಲಲ್ಲಿವೆ. ಅವ್ವ ಹಾಯುವಾಗಲೆಲ್ಲ "ನಿನ್ನ ಸೊಸೆಯಂದಿರು ಬಸರಾದರೇನು" ಎಂದು ಕೇಳುತ್ತಾಳೆ.

ಮೈಲಮ್ಮ

*

ಹಳೇದೊಡ್ಡಿ
16 ಏಪ್ರಿಲ್ 2023

ಅಣ್ಣನಿಗೆ,

ನೀನು ಬರೆದಿಲ್ಲ. ನಾನು ಬರೆಯುತ್ತೇನೆ, ಯಾಕೆಂದರೆ ಹೇಳಬೇಕಾದದ್ದಿದೆ.

ಹನ್ನೆರಡನೇ ದಿನಕ್ಕೆ ಇದ್ದಿಲಿನ ಟ್ಯೂಬು ತೋಳಿನಷ್ಟು ದಪ್ಪವಾಗಿತ್ತು. ಭಂಡಾರದ್ದು ಚಪ್ಪಟೆ. ಬರೀ ಸಗಣಿಯದೂ ಹೆಚ್ಚುಕಡಿಮೆ ಚಪ್ಪಟೆಯೇ. ನನಗೆ ಕುಣಿಯುವ ಹಾಗಾಗಿತ್ತು. ಇದ್ದಿಲಿಗೆ ಇಷ್ಟು ದೊಡ್ಡ ಗೆಲುವು ಸಿಗುತ್ತದೆಂದು ನಾನೇ ಎಣಿಸಿರಲಿಲ್ಲ. ಆದರೆ ಬರೀ ಸಗಣಿಗೇ ಅಷ್ಟೂ ಗ್ಯಾಸು ಇಲ್ಲದಿರುವುದು ಹೇಗೆ ಎಂದು ಮನಸ್ಸು ಕಚ್ಚಿತು. ಅದರ ಟ್ಯೂಬನ್ನು ನೀರಿಗೆ ಅದ್ದಿದೆ. ಗುಳ್ಳೆ ಬಂತು. ಪಂಕ್ಚರ್.

ಮೂರನ್ನೂ ಚೆಲ್ಲಿದೆ. ಹೊಸ ಟ್ಯೂಬು ಹಾಕಿ, ನೀರಿಗದ್ದಿ ನೋಡಿ, ಹತ್ತನೇ ತಾರೀಕು ಮೊದಲಿಂದ ಶುರು ಮಾಡಿದೆ. ಮೇ ಹತ್ತರೊಳಗೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಅಪ್ಪ ದಿನವೂ ಬಂದು ಕ್ಯಾನುಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ, ಹಾಲು ಕುಡಿಯದ ಮರಿಯನ್ನು ನೋಡುವ ಹಾಗೆ ನೋಡುತ್ತಾನೆ. ಇನ್ನೂ ಏನೂ ಕೇಳಿಲ್ಲ. ಕೇಳದೆ ನಾನು ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಇದನ್ನು ನಿನಗೆ ಮೊದಲೇ ತಿಳಿಸಿದ್ದೇನೆ.

ಮೈಲಮ್ಮ

*

ಗದ್ವಾಲ್
22 ಏಪ್ರಿಲ್ 2023

ಮೈಲಮ್ಮನಿಗೆ,

ಆ ಟ್ಯೂಬು ಪಂಕ್ಚರ್ ಎಂದು ನಿನ್ನ ಬಿಟ್ಟರೆ ಯಾರಿಗೆ ಗೊತ್ತಿತ್ತು? ಮೊದಲ ಸಲದ್ದನ್ನೇ ಫೋಟೋ ತೆಗೆದು ಕಳಿಸಿದ್ದರೆ ನಾನು ಸರ್ ಮುಂದೆ ಇಟ್ಟು, ಭಂಡಾರದ ಮಾತೆತ್ತದೆ ಇದ್ದಿಲಿನ ಪರವಾಗಿ ಏನಾದರೂ ಹೇಳಬಹುದಿತ್ತು. ನಿನಗೆ ನೀನೇ ಶತ್ರು.

ಅಪ್ಪ ಕೇಳುವ ಮೊದಲು ಕ್ಯಾನು ಅಲ್ಲಿಂದ ತೆಗೆ. ಇದು ನನ್ನ ಬೇಡಿಕೆ.

ಭೀಮಶಂಕರ್

*

ಹಳೇದೊಡ್ಡಿ
3 ಮೇ 2023

ಅಣ್ಣನಿಗೆ,

ತೆಗೆಯಲಿಲ್ಲ.

ನಿನ್ನೆಗೆ ಇಪ್ಪತ್ತೆರಡು ದಿನ. ಬರೀ ಸಗಣಿಯ ಟ್ಯೂಬು ಚೆನ್ನಾಗಿ ಉಬ್ಬಿದೆ. ಇದ್ದಿಲಿನದು ಅದಕ್ಕಿಂತ ಬಿಗಿ. ಭಂಡಾರದ್ದು ಮೊದಲ ಎರಡು ದಿನ ತುಸು ಉಬ್ಬಿ ಅಲ್ಲಿಗೇ ನಿಂತಿದೆ. ನಳಿಕೆಯ ತುದಿಗೆ ಕಡ್ಡಿ ಗೀರಿ, ಟ್ಯೂಬು ಖಾಲಿಯಾಗುವ ತನಕ ಎಣಿಸಿದೆ. ಮೊದಲನೆಯದು ನಲವತ್ತು ಎಣಿಸುವವರೆಗೆ ಉರಿಯಿತು, ಎರಡನೆಯದು ಐವತ್ತೇಳು. ಮೂರನೆಯದು ಹತ್ತಲೇ ಇಲ್ಲ. ಈಗಿನ ಭಂಡಾರದಲ್ಲಿ ಅರಿಶಿನ ಎಷ್ಟೋ ಬಣ್ಣದ ಪುಡಿ ಎಷ್ಟೋ. ಕೊಂದದ್ದು ಅದರಲ್ಲಿ ಯಾವುದು ಎಂದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ನೀನೂ ಬರೆಯಬೇಡ. ಇದ್ದಿಲು ಕೊಲ್ಲಲಿಲ್ಲ ಎಂಬುದು ಗೊತ್ತು.

ನಾನು ಎಣಿಸುವಾಗ ಅಪ್ಪ ಹಿಂದೆಯೇ ನಿಂತಿದ್ದ.

"ಇದು ಯಾಕ ಮಲಗೈತಿ?"

"ಅದರಾಗ ಭಂಡಾರ ಹಾಕೀನಿ ಅಪ್ಪಾ."

"ಎಷ್ಟು?"

"ನೀ ಗುಂಡಿಗೆ ಹಾಕಿದಷ್ಟ ಪಾಲು."

ಅಪ್ಪ ಕ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಆ ಮೇಲೆ, "ನನಗ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

"ಭೀಮ್ಯಾಗ ಗೊತ್ತೈತೇನು?"

"ಗೊತ್ತೈತಿ."

"ಮತ್ತ ಕಾಗದದಾಗ ಏನು ಬರದಾನ?"

"ಇದ್ದಿಲಿಂದ ಕೆಟ್ಟೈತಿ ಅಂತ ಬರದಾನ."

ಅಪ್ಪ ಮೂರನೇ ಕ್ಯಾನಿನ ಹೊರಗೆ ಅಂಟಿದ್ದ ಹಳದಿಯನ್ನು ಬೆರಳಿಂದ ತೆಗೆದು ಹಣೆಗೆ ಹಚ್ಚಿಕೊಂಡ. ಎದ್ದು ಹೋದ. ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಅವ್ವ ಒಲೆ ಊದುತ್ತಿದ್ದಾಗ ಅವಳ ಕೈಯಿಂದ ಊದುಗೊಳವೆ ಕಸಿದುಕೊಂಡು ತಾನೇ ಊದಿದ. ಅವ್ವ ಹೆದರಿ ನನ್ನನ್ನು ಕರೆದಳು.

ನೀನು ಹೇಳಿದ ಹಾಗೇ ಅವನಿಗೆ ನೋವಾಗಿದೆ. ಅದನ್ನು ನಾನು ಮಾಡಿದೆ. ಅದಕ್ಕೆ ನಿನ್ನ ಮೇಲೆ ಹೊರಿಸುವುದಿಲ್ಲ. ಆದರೆ ಮತ್ತೆ ಕೇಳಿದರೂ ಹೀಗೇ ಹೇಳುತ್ತೇನೆ.

ಮೈಲಮ್ಮ

*

ಹಳೇದೊಡ್ಡಿ
6 ಮೇ 2023

ಭೀಮ್ಯಾಗ,

ನಾ ಹೇಳತೀನಿ, ನಿನ್ನ ತಂಗಿ ಬರೀತಾಳ. ಚಂದ ಮಾಡಾಕ ಹೋಗಬ್ಯಾಡ, ನನ್ನ ಬಾಯಾಗ ಬಂದಂಗ ಬರಿ ಅಂದೀನಿ. ಅಕಿ ಚಂದ ಮಾಡೋ ಪೈಕಿ ಅಲ್ಲ, ನಿನಗ ಗೊತ್ತೈತಿ. ಇದನ್ನೂ ಬರಿ ಅಂದ್ರ ಮಾರಿ ಊದಿಸಿ ಬರದಾಳ.

ನೀ ನನ್ನ ಮರ್ಯಾದಿ ಉಳಿಸೀನಿ ಅಂತ ತಿಳಕೊಂಡಿ. ಯಾರ ಮುಂದ ಉಳಿಸಿದಿ? ಹೈದರಾಬಾದಿನವರು ನನ್ನ ನೋಡಿಲ್ಲ, ನಾ ಅವರನ್ನ ನೋಡಿಲ್ಲ. ನನ್ನ ಮನ್ಯಾಗ ಏನಾತು ಕೇಳು. ಶಾಲಿ ಮುಚ್ಚೋ ತನಕ, ಎರಡು ತಿಂಗಳ ಮ್ಯಾಲ, ನಿಮ್ಮವ್ವ ಹೊಗ್ಯಾಗ ಕುಂತ್ಲು. ನಾ ಆಕಿ ಮಾಡಿದ್ದು ಉಂಡು, ನಿನ್ನ ತಂಗೀನ ದಿನಾ ಬೈದೆ. ಮಸಿ ಹಾಕಿ ಕೆಡಿಸಿದಿ ಅಂದೆ. ಕಾಲಿಟ್ಟಲ್ಲಿ ಹಾಳು ಅಂದೆ. ನೀ ಯುಗಾದಿಗೆ ಬಂದಾಗ ನನ್ನ ಎದುರಿಗೆ ಕುಂತಿದ್ದಿ, ಆವತ್ತೂ ಬೈದೆ. ನೀ ಹೋಳಿಗಿ ಮುರಕೊಂಡು ತಿಂದಿ. ನನ್ನ ಬಾಯಿಲೆ ಸುಳ್ಳು ಆಡಿಸಿದಿ. ಅದು ಮರ್ಯಾದಿ ಏನು?

ಭಂಡಾರ ಕೆಟ್ಟದ್ದಲ್ಲ. ಹಾಕಿದ ಜಾಗ ತಪ್ಪಿತು. ಜಾಗ ತಪ್ಪಿಸಿದವ ನಾನು. ಮೈಲಾರ ದೇವರಿಗೆ ನಿಮ್ಮ ಆಫೀಸಿನ ಸುಳ್ಳು ಕಾವಲು ಇರೋದು ಬ್ಯಾಡ. ನಾ ಗುಡ್ಯಾಗ ಹೋಗಿ ಹೇಳಿ ಬಂದೀನಿ, ಊರ ಹಿರಿಯರಿಗೂ ಹೇಳೀನಿ. ನಾಕು ಮಂದಿ ಎದ್ದು ಹೋದ್ರು. ಹೋಗಲಿ.

ನಿನ್ನೆಯಿಂದ ರಾಡಿ ತಗ್ಯಾಕ ಹತ್ತೀವಿ. ಒಳಗ ಯಾರೂ ಇಳಿಬಾರದು, ಇಳಿದ್ರ ಉಸಿರು ಕಟ್ಟತೈತಿ ಅಂತ ಮೈಲಿ ಹೇಳ್ಯಾಳ, ಮ್ಯಾಲಿಂದ ಬಕೀಟಿಲೆ ಎತ್ತತೀವಿ. ಭಂಡಾರ ಕೂಡಿದ ರಾಡಿ ತುಳಿಯೋ ಹೊಲಕ್ಕ ಹಾಕಾಕ ಬರಂಗಿಲ್ಲ. ಗುಡಿ ಹಿಂದ ಬೇವಿನ ಗಿಡದ ಬುಡಕ ತಗ್ಗು ತೋಡಿ ಬಿಟ್ಟು, ಸುತ್ತ ಮುಳ್ಳು ಹಚ್ಚೀವಿ. ಎಲ್ಲಪ್ಪಗ ಸೊಂಟ ನೋಯ್ತೈತಂತ. ಸಲಹಿ ಕೊಡೋವಾಗ ನೋಯಲಿಲ್ಲ ಅಂತ ಅಂದು ಅವಂಗೂ ಒಂದು ಬಕೀಟು ಕೊಟ್ಟೀನಿ. ಹೊಸಾ ಸಗಣಿ ತುಂಬಿ, ಪಕ್ಕದೂರಿನ ರಾಡಿ ಬೆರಸಿ, ಶಾಲಿ ತೆಗ್ಯೋದರಾಗ ಒಲಿ ಹತ್ತಸ್ತಾಳಂತ. ಹತ್ತತೈತೋ ಇಲ್ಲೋ ಗೊತ್ತಿಲ್ಲ ಅಂತಾಳ. ಇಕಿ ಒಮ್ಮೆರ ಹತ್ತತೈತಿ ಅಪ್ಪಾ ಅಂತ ಬಾಯಿ ತುಂಬ ಹೇಳಬಾರದೇನು.

ಹತ್ತನೇ ತಾರೀಕಿನ ಒಳಗ ನಿಮ್ಮ ಸಾಹೇಬನ್ನ ಕರಕೊಂಡು ಬಾ. ಅಂವ ಏನರ ಅನ್ನಲಿ. ಫೋಟೋ ತೆಗಿತೀನಿ ಅಂದ್ರ ರುಮಾಲು ಸುತ್ತಿಕೊಂಡು ನಿಂದರತೀನಿ. ಆದ್ರ ಹನ್ನೊಂದು ಊರಾಗ ಇದ್ದಿಲು ನಿಲ್ಲಸಬ್ಯಾಡ. ಅಲ್ಲೂ ನಿಮ್ಮವ್ವನಂಥಾಕಿ ಒಬ್ಬಾಕಿ ಒಲಿ ಮುಂದ ಕುಂತಿರತಾಳ.

ನಿನ್ನ ಕಾಗದದಾಗ ಎಲ್ಲೆಲ್ಲಿ ಇದ್ದಿಲು ಕೆಡಿಸಿತು ಅಂತ ಬರದೀಯೋ, ಅಲ್ಲೆಲ್ಲ ಇದ್ದಿಲು ಹೊಡದು ಹಾಕು. ಅದರ ಮ್ಯಾಲ ಬೀರಯ್ಯ ಅಂತ ಬರಿ. ಅಪ್ಪನ ಹೆಸರು ಬರಿಯಾಕ ನಿನಗ ಬರತೈತಿ.

ಬೀರಯ್ಯ
(ಎಡಗೈ ಹೆಬ್ಬೆಟ್ಟು)

ಬರೆದವಳು: ಮೈಲಮ್ಮ. ಹೇಳಿದ್ದನ್ನು ಬಿಟ್ಟಿಲ್ಲ, ಹೇಳದ್ದನ್ನು ಸೇರಿಸಿಲ್ಲ.